ಹೇಳಬೇಡಮ್ಮಾ

ಕಳೆದ ಶನಿವಾರ ಮಗಳು ಬಾಗಿಲ ಹಿಡಿಗೆ ದಾರ ಕಟ್ಟಿ, ತುದಿಗೆ ಕಬ್ಬಿಣದ ನಟ್ಟೊಂದನ್ನು ನೇತುಹಾಕಿ ತೂಗಿಸುತ್ತಿದ್ದಳು. ಲೋಲಕ ಬೇಗ ತೂಗುವುದಕ್ಕೂ ನಿಧಾನವಾಗಿ ತೂಗುವುದಕ್ಕೂ ಕಾರಣವೇನು ಎಂದು ಅವಳ ಶಾಲೆಯಲ್ಲಿ ಕೇಳಿದ್ದರು. ಭಾರ ಹೆಚ್ಚಿದರೆ ನಿಧಾನವಾಗುತ್ತದೆ ಎಂದು ಅವಳ ಗಟ್ಟಿ ನಂಬಿಕೆ. ನನಗೆ ತಡೆಯಲಾಗಲಿಲ್ಲ. "ಭಾರ ಅಲ್ಲ ಕಣೇ, ಅದು..." ಎಂದು ಬಾಯಿ ತೆರೆದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಹೇಳಬೇಡಮ್ಮಾ. ಹೇಳಿದರೆ ಅದು ನಿನ್ನದಾಗಿಬಿಡುತ್ತದೆ."

ಆ ಮಾತು ಚುಚ್ಚಿತು. ಗೊತ್ತಿರುವುದನ್ನು ಮಕ್ಕಳಿಗೆ ಹೇಳಿಕೊಡುವುದೇ ಪ್ರೀತಿ ಎಂದು ನಂಬಿ ಬಂದವಳು ನಾನು.

ನಾನು ಕಲಿತ ಲೋಲಕ ಕಪ್ಪುಹಲಗೆಯ ಮೇಲಿತ್ತು: ಒಂದು ಅಡ್ಡಗೆರೆ, ಒಂದು ಇಳಿಗೆರೆ, ತುದಿಗೊಂದು ಸೊನ್ನೆ. ಒಂದು ತೂಗಾಟದ ಸಮಯಕ್ಕೆ ಎರಡು ಪೈ, ವರ್ಗಮೂಲದೊಳಗೆ ಎಲ್ ಬೈ ಜಿ (ಎಲ್ ಎಂದರೆ ದಾರದ ಉದ್ದ, ಜಿ ಎಂದರೆ ಭೂಮಿಯ ಗುರುತ್ವ) ಎಂದು ಬಾಯಿಪಾಠ ಮಾಡಿ ಪೂರ್ಣ ಅಂಕ ತೆಗೆದಿದ್ದೆ. ಆ ಸೂತ್ರದಲ್ಲಿ ಭಾರಕ್ಕೆ ಒಂದು ಅಕ್ಷರವೂ ಇಲ್ಲ ಎಂಬುದು ಅಂದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಒಮ್ಮೆ ಏಕೆ ಎಂದು ಕೇಳಿದ್ದಕ್ಕೆ, "ಪರೀಕ್ಷೆಗೆ ಇಷ್ಟು ಸಾಕು, ಕುಳಿತುಕೋ" ಎಂಬ ಉತ್ತರ ಬಂದಿತ್ತು. ಕುಳಿತುಕೊಂಡೆ. ಆ ಮೇಷ್ಟರ ಮೇಲೆ ನನಗೆ ಸಿಟ್ಟಿಲ್ಲ. ಪಾಠ ಮುಗಿಸುವ ಅವಸರ ಅವರು ಬಯಸಿ ತಂದುಕೊಂಡದ್ದಲ್ಲ. ಆದರೆ ಕುಳಿತ ಆ ಹುಡುಗಿಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಗಳು ಮಾಡುತ್ತಿದ್ದಂತೆ ಉತ್ತರವನ್ನು ತಾನೇ ಹುಡುಕಿ ಕಂಡುಕೊಳ್ಳುವುದಕ್ಕೆ ಅನ್ವೇಷಣಾ ಕಲಿಕೆ ಎಂದು ಹೆಸರು. 1961ರಲ್ಲಿ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಇದರ ಪರವಾಗಿ ಬರೆದ ಲೇಖನ ಪ್ರಸಿದ್ಧ: ತಾನಾಗಿ ಕಂಡುಕೊಂಡದ್ದು ನೆನಪಿನಲ್ಲಿ ಉಳಿಯುತ್ತದೆ, ಕಂಡುಕೊಳ್ಳುವ ಸಂತೋಷವೇ ಬಹುಮಾನವಾಗುತ್ತದೆ. ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಕಲಿಕೆ ಆಗಿಬಿಡುವುದಿಲ್ಲ. ಕಲಿಕೆಯನ್ನು ಅಧ್ಯಯನ ಮಾಡುವ ಸಂಶೋಧಕರಾದ ರಿಚರ್ಡ್ ಮೇಯರ್ 2004ರಲ್ಲಿ, ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಇದನ್ನೇ ಒತ್ತಿ ಹೇಳಿದರು. ಹೊಸಬರ ಮನಸ್ಸು ಒಮ್ಮೆಗೆ ಹೊರಬಲ್ಲದ್ದು ಸ್ವಲ್ಪವೇ. ದಾರಿ ತೋರುವವರಿಲ್ಲದಿದ್ದರೆ ಹುಡುಕಾಟದಲ್ಲೇ ಅದು ದಣಿಯುತ್ತದೆ.

ಅದನ್ನು ಮಗಳ ಪುಸ್ತಕದಲ್ಲೇ ಕಂಡೆ. ಅವಳು ನಟ್ಟುಗಳನ್ನು ಎರಡು ಮಾಡುವಾಗ ದಾರವನ್ನೂ ಉದ್ದ ಮಾಡಿದ್ದಳು. ಲೋಲಕ ನಿಧಾನವಾಯಿತು, ಭಾರವೇ ಕಾರಣ ಎಂದು ಬರೆದುಕೊಂಡಳು. ಸೋಮವಾರ ಶಿಕ್ಷಕಿ ಅದನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು: "ಒಂದು ಸಲಕ್ಕೆ ಎಷ್ಟು ಸಂಗತಿ ಬದಲಾಯಿಸಿದೆ?" ಹೇಳುವುದಕ್ಕೂ ಸುಮ್ಮನಿರುವುದಕ್ಕೂ ನಡುವೆ ಇಂಥದ್ದೊಂದು ಸಾಲು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅದನ್ನು ಎರಡು ಮೂರು ಸಲ ಓದಿದೆ.

ಅಂದು ಸಂಜೆ ದಾರ ಮತ್ತೆ ಬಾಗಿಲಿಗೆ ಬಂತು. ಒಂದೇ ಉದ್ದದಲ್ಲಿ ಒಂದು ನಟ್ಟು, ಆಮೇಲೆ ಮೂರು: ಸಮಯ ಅಷ್ಟೇ. ಅವಳ ಮುಖ ಬಾಡಿತು, ನಂಬಿದ್ದು ಕೈಬಿಟ್ಟಿತ್ತು. ನಂತರ ದಾರ ಬದಲಾಯಿಸಿದಳು. ಇಪ್ಪತ್ತು ಸೆಂಟಿಮೀಟರಿಗೆ ಹತ್ತು ತೂಗಾಟಕ್ಕೆ 9 ಸೆಕೆಂಡು. ನಲವತ್ತಕ್ಕೆ 18 ಬರುತ್ತದೆ ಎಂದು ಮೊದಲೇ ಬರೆದಿಟ್ಟಳು. ಬಂದದ್ದು 13ರ ಹತ್ತಿರ. ಮೂರು ಸಲ ಎಣಿಸಿದಳು. ಎಂಬತ್ತಕ್ಕೆ ಹೋದಾಗ 18 ಸಿಕ್ಕಿತು.

"ನಾಲ್ಕು ಪಟ್ಟು ಮಾಡಿದರೆ ಎರಡು ಪಟ್ಟು!" ಎಂದು ಕೂಗಿದಳು. ಮರುಕ್ಷಣವೇ ಹುಬ್ಬು ಗಂಟಿಕ್ಕಿ, "ಹಾಗಾದರೆ ಮೂರು ಪಟ್ಟಿಗೆ ಎಷ್ಟು ಉದ್ದ ಬೇಕು?" ಎಂದಳು.

ವರ್ಗಮೂಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು ಗಡಿಯಾರವನ್ನು ನನ್ನ ಕೈಗೆ ಕೊಟ್ಟು, ಉದ್ದದ ದಾರ ಕಟ್ಟಲು ಎತ್ತರದ ಜಾಗ ಹುಡುಕುತ್ತ ಕುರ್ಚಿ ಎಳೆದಳು. ನಾನು ಕುರ್ಚಿ ಹಿಡಿದುಕೊಂಡೆ.