ಕ್ರಿಯಾಪದದ ಇಸ್ಪೀಟು: ಕೊನೆಗೂ ‘ಲೇ’ ಎಲೆ ದಾರಿಗೆ ಬಂತು

ಮಕ್ಕಳಿಗೆ ಇಂಗ್ಲಿಷ್ ಕ್ರಿಯಾಪದ ಕಲಿಸಲು ನಾನು ಮಾಡುತ್ತಿರುವ ಇಸ್ಪೀಟಿನಲ್ಲಿ ಮೂರು ಭಾನುವಾರ ನುಂಗಿದ ಎಲೆ ಇದು. ಸಿಟ್–ಸೆಟ್, ರೈಸ್–ರೇಸ್ (ಅನ್ನ, ಓಟವಲ್ಲ; ಏಳುವುದು, ಎಬ್ಬಿಸುವುದು) ಒಂದೇ ಸಂಜೆಯಲ್ಲಿ ಕುದುರಿದವು. ಅವುಗಳ ವಿವರ ಬೇಡ. ಆಟ ರಮ್ಮಿಯದೇ, ಒಂದು ಕ್ರಿಯಾಪದದ ಮೂರು ರೂಪ ಕೂಡಿಸಬೇಕು.

ಮಲಗುವ ‘ಲೈ’ಗೆ ಲೈ, ಲೇ, ಲೇನ್. ಇಡುವ ‘ಲೇ’ಗೆ ಲೇ, ಲೇಡ್, ಲೇಡ್. ಮೊದಲಿನದರ ಭೂತಕಾಲವೇ ಎರಡನೆಯದರ ಮೂಲರೂಪ! ಒಂದೇ ಎಲೆಗೆ ಇಬ್ಬರು ವಾರಸುದಾರರು, ಹೀಗಾಗಿ ಆಟಕ್ಕಿಂತ ಜಗಳವೇ ಹೆಚ್ಚು. ಎರಡು ‘ಲೇ’ ಮಾಡಿ ನೀಲಿ, ಕೆಂಪು ಬಳಿದೆ. ಮಕ್ಕಳು ಬಣ್ಣ ನೋಡಿ ಜೋಡಿಸಿದರು, ಇಂಗ್ಲಿಷಿನತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಆಮೇಲೆ ನಮ್ಮ ‘ಇಸು’ ಪ್ರತ್ಯಯವನ್ನು ಕರೆತಂದೆ: ಮಲಗು–ಮಲಗಿಸು, ಕೂರು–ಕೂರಿಸು. ಇಂಗ್ಲಿಷಿಗೂ ಹಿಂದೆ ಇಂಥ ಬಾಲವಿತ್ತು. ಬಾಲ ಸವೆದುಹೋಗಿ, ಅದರಿಂದ ಬದಲಾದ ಸ್ವರ ಮಾತ್ರ ಸೆಟ್, ಲೇಗಳಲ್ಲಿ ಉಳಿದಿದೆ. ಮರ ಕೆಡಹುವ ‘ಫೆಲ್’ ಕೂಡ ‘ಫಾಲ್’ನ ಇಸು ರೂಪವೇ. ನಾನು ಬೀಗುತ್ತಿರುವಾಗ ಅಕ್ಕನ ಮಗ ಕೇಳಿದ: “ಮಾಮ, ಹಾಗಾದರೆ ಕೋಳಿ ಮೊಟ್ಟೆಯನ್ನು ಮಲಗಿಸುತ್ತದೆಯಾ?” ‘ಇಸು’ ಅಲ್ಲಿಗೆ ಮಲಗಿತು.

ದಾರಿ ಹೊಳೆದದ್ದು ನಮ್ಮ ದಾವಣಗೆರೆಯ ಬೆಣ್ಣೆ ದೋಸೆಯ ಮುಂದೆ. ಸಕರ್ಮಕ, ಅಕರ್ಮಕ ಗುರುತಿಸಲು ಶಾಲೆಯಲ್ಲಿ ‘ಏನನ್ನು?’ ಎಂದು ಕೇಳಿಸುತ್ತಿದ್ದರಲ್ಲ? ಹೋಟೆಲಿನ ಹುಡುಗ ತಂದು ಇಟ್ಟ. ಏನನ್ನು? ದೋಸೆಯನ್ನು. ಬೆಣ್ಣೆ ಅದರ ಮೇಲೆ ಬಿದ್ದುಕೊಂಡಿತ್ತು. ಏನನ್ನು? ಉತ್ತರವಿಲ್ಲ.

ಈಗ ‘ಲೇ’ ಒಂದೇ ಎಲೆ, ಬಣ್ಣವಿಲ್ಲ. ಅದನ್ನು ‘ಇಡು’ ಕಡೆಗೆ ಎಳೆದುಕೊಳ್ಳುವವರು ಮೊಟ್ಟೆ, ಮಗು, ಇಟ್ಟಿಗೆ ಇರುವ ಒಂದು ‘ಅನ್ನು’ ಎಲೆಯನ್ನೂ ಇಳಿಸಬೇಕು. ‘ಮಲಗು’ ಕಡೆಯವರು ‘ನಿನ್ನೆ’ ಎಂಬ ಎಲೆಯನ್ನು. ಒಂಬತ್ತು ಆಟವಾಯಿತು, ತಕರಾರಿಲ್ಲ.

ಮುದ್ರಣದ್ದು ಬೇರೆಯೇ ಗೋಳು. 300 ಜಿಎಸ್‌ಎಂನ ದಪ್ಪ ಕಾಗದ ಕೇಳಿದರೆ ಮದುವೆ ಪತ್ರಿಕೆಗೆ ತಂದು ಉಳಿದ ತೆಳು ಕಾಗದ ಕೊಟ್ಟರು. ಟ್ಯೂಬ್‌ಲೈಟ್ ಎದುರು ಹಿಡಿದರೆ ಎದುರಾಳಿಯ ಎಲೆ ಈ ಕಡೆಯಿಂದಲೇ ಕಾಣುತ್ತದೆ. ಡಿಟಿಪಿಯವರು ‘ಲೇನ್’ ಎಂಬ ಪದವೇ ಇಲ್ಲವೆಂದು ತೀರ್ಮಾನಿಸಿ ‘ಲೈನ್’ ಎಂದು ತಿದ್ದಿದರು, ತಿದ್ದಿದ್ದಕ್ಕೂ ದುಡ್ಡು ಹಿಡಿದರು.

ಸುಳ್ಳು ಹೇಳುವ ‘ಲೈ’ (ಲೈಡ್, ಲೈಡ್) ಸದ್ಯ ಡಬ್ಬಿಯಲ್ಲಿದೆ. ಮುಂದಿನದು ಬಾರೋ–ಲೆಂಡ್. ನಮ್ಮಲ್ಲಿ ಎರಡೂ ಸಾಲವೇ, ಒಂದು ತೆಗೆದುಕೊಳ್ಳುವುದು, ಇನ್ನೊಂದು ಕೊಡುವುದು. ಮಂಡಿ ಅಂಗಡಿಯ ಖಾತೆ ಪುಸ್ತಕದಂತೆ ಎಡ–ಬಲ ಪುಟಗಳ ಹಲಗೆ ಮಾಡುವ ಯೋಚನೆಯಿದೆ. ಮೊದಲ ‘ಬಾರೋ’ ಎಲೆಯನ್ನು ಬರೆದು ‘ಲೇ’ ಪಕ್ಕದಲ್ಲಿಟ್ಟೆ, ಅಷ್ಟೇ. ಅಕ್ಕನ ಮಗ “ಲೇ, ಬಾರೋ!” ಎಂದು ಬೀದಿಗೆ ಕೇಳುವಂತೆ ಓದಿದ. ಎದುರು ಮನೆಯ ಗೆಳೆಯ ಬ್ಯಾಟ್ ಹಿಡಿದು ಬಂದೇಬಿಟ್ಟ.