ಬೆಂಗಳೂರಿನಲ್ಲಿ ಮನೆ ಮಾಡುವ ಮುನ್ನ ತುಮಕೂರಿನವರು ಹಾಕಬೇಕಾದ ಲೆಕ್ಕ

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ತುಮಕೂರಿನ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಅಲ್ಲೇ ಮನೆ ಮಾಡೋದಾ, ದಿನಾ ರೈಲಿನಲ್ಲಿ ಓಡಾಡೋದಾ? ಸಂಬಳದಲ್ಲಿ ಬಾಡಿಗೆ ಕಳೆದು ಉಳಿದದ್ದನ್ನು ನೋಡಿ ತೀರ್ಮಾನಿಸುವವರೇ ಹೆಚ್ಚು. ಆ ಎರಡು ಅಂಕಿಗಳೂ ಕಾಣುವಷ್ಟು ಸಾಚಾ ಅಲ್ಲ.

ಮೊದಲು ಸಂಬಳ. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 4.80 ಲಕ್ಷ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಎಂದಿದ್ದರೆ ತಿಂಗಳಿಗೆ 40 ಸಾವಿರ ಎಂದುಕೊಳ್ಳಬೇಡಿ. ಮೂಲ ವೇತನ 20 ಸಾವಿರ ಎಂದಿಟ್ಟುಕೊಳ್ಳಿ. ಅದರ ಶೇ 12ರಂತೆ ಕಂಪನಿ ಕಟ್ಟುವ ಪಿಎಫ್ 2,400, ನಿಮ್ಮ ಪಾಲಿನದು ಇನ್ನೊಂದು 2,400, ಗ್ರಾಚ್ಯುಟಿ ಲೆಕ್ಕಕ್ಕೆ 960ರ ಸುಮಾರು, ವೃತ್ತಿ ತೆರಿಗೆ 200. ಕೈಗೆ ಬರುವುದು 34 ಸಾವಿರ.

ಇನ್ನು ಬಾಡಿಗೆ. ಎಡವುವುದೆಲ್ಲ ಇಲ್ಲೇ. 15 ಸಾವಿರ ಬಾಡಿಗೆಯ ಮನೆ, ಹತ್ತು ತಿಂಗಳ ಅಡ್ವಾನ್ಸ್, ಎರಡು ವರ್ಷದ ವಾಸ ಎಂದುಕೊಳ್ಳಿ. ಅಡ್ವಾನ್ಸಿನ 1.5 ಲಕ್ಷ ಬ್ಯಾಂಕಿನಲ್ಲಿದ್ದರೆ ಶೇ 7ರಂತೆ ತಿಂಗಳಿಗೆ 875 ರೂಪಾಯಿ ಬಡ್ಡಿ ಬರುತ್ತಿತ್ತು, ಅದು ಹೋಯಿತು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಖಾಲಿ ಮಾಡುವಾಗ ಬಣ್ಣಕ್ಕೆಂದು ಮಾಲೀಕರು ಹಿಡಿದುಕೊಳ್ಳುವ ಇನ್ನೊಂದು ತಿಂಗಳ ಬಾಡಿಗೆ. 24 ತಿಂಗಳಿಗೆ ಹಂಚಿದರೆ ತಲಾ 625. ಮೇಂಟೆನೆನ್ಸ್ 1,500. ಎರಡನೇ ವರ್ಷ ಶೇ 5 ಏರಿಸಿದರೆ ಸರಾಸರಿ 375. ಎಲ್ಲ ಕೂಡಿ ನೋಡಿ: 19 ಸಾವಿರ. ಅಡ್ವಾನ್ಸಿಗೆ ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಸಾಲ ಮಾಡಿದರೆ ಆ 875ರ ಜಾಗದಲ್ಲಿ 1,500 ಬರೆದುಕೊಳ್ಳಬೇಕು. 11 ತಿಂಗಳಿಗೇ ಮನೆ ಬದಲಿಸಿದರೆ ಬ್ರೋಕರ್ ಮತ್ತು ಬಣ್ಣದ ಬಾಬತ್ತೇ ತಿಂಗಳಿಗೆ 2,700 ದಾಟುತ್ತದೆ. ಹಳೆ ಮನೆಯ ಅಡ್ವಾನ್ಸ್ ಕೈಸೇರುವ ಮೊದಲೇ ಹೊಸ ಮನೆಗೆ ಕಟ್ಟಬೇಕಾಗುವುದರಿಂದ ಆ ಹೊತ್ತಿಗೆ ಎರಡು ಅಡ್ವಾನ್ಸಿನಷ್ಟು ಹಣ ಬೇಕು. ಜನ ಕೈಸಾಲಕ್ಕೆ ಬೀಳುವುದು ಆ ನಡುವಿನ ದಿನಗಳಲ್ಲಿ. ಆದ್ದರಿಂದ ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್, ಬಣ್ಣಕ್ಕೆ ಎಷ್ಟು ಕಡಿತ ಎಂಬುದನ್ನು ಕರಾರಿನಲ್ಲೇ ಬರೆಸಿ. ಹಣವನ್ನು ಖಾತೆಗೇ ಹಾಕಿ. ಸಾಮಾನು ಇಳಿಸುವ ಮೊದಲೇ ಗೋಡೆ, ನಲ್ಲಿ, ಗೀಸರ್‌ಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ.

ತುಮಕೂರಿಗೂ ಬೆಂಗಳೂರಿಗೂ ಬೆಸ್ಕಾಂ ಒಂದೇ ಆದರೂ ಗೃಹಜ್ಯೋತಿಯ ಉಚಿತ ವಿದ್ಯುತ್ ತಾನಾಗಿ ನಿಮ್ಮ ಹಿಂದೆ ಬರುವುದಿಲ್ಲ. ಹಳೆ ಮನೆಯ ಆರ್‌ಆರ್ ನಂಬರಿನಿಂದ (ವಿದ್ಯುತ್ ಸಂಪರ್ಕದ ನಂಬರು) ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಯಾದರೆ ಉಚಿತ ಸಿಗುವುದು 58 ಯೂನಿಟ್. 2 ಕಿಲೊವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ಅದೊಂದೇ 60 ಯೂನಿಟ್ ನುಂಗುತ್ತದೆ. 200 ದಾಟಿದರಂತೂ ಪೂರ್ತಿ ಬಿಲ್ ನಿಮ್ಮದೇ.

ನೀರು: ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೂ ಮೂವರ ಸಂಸಾರಕ್ಕೆ ತಿಂಗಳಿಗೆ 12 ಸಾವಿರ ಲೀಟರ್, ಅಂದರೆ ಒಂದು ದೊಡ್ಡ ಟ್ಯಾಂಕರ್. 2024ರ ಮಾರ್ಚ್‌ನ ಬರದಲ್ಲಿ ಜಿಲ್ಲಾಡಳಿತ ಇದಕ್ಕೆ 5 ಕಿ.ಮೀ. ಒಳಗೆ 1,000 ರೂಪಾಯಿ ದರ ಗೊತ್ತು ಮಾಡಿತ್ತು. ಮನೆ ನೋಡಲು ಹೋದಾಗ ಕಾವೇರಿ ನೀರು ಬರುತ್ತದಾ ಎಂದಷ್ಟೇ ಕೇಳಿದರೆ ಸಾಲದು. ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದಿರಿ ಎಂದು ಪಕ್ಕದ ಮನೆಯವರನ್ನು ಕೇಳಿ.

ಈಗ ಓಡಾಟ. ದೂರ ಸುಮಾರು 70 ಕಿ.ಮೀ. ಎರಡನೇ ದರ್ಜೆಯ ತಿಂಗಳ ಪಾಸು ಐನೂರು ರೂಪಾಯಿ ಮುಟ್ಟುವುದಿಲ್ಲ. ಮೂರು ತಿಂಗಳದ್ದಕ್ಕೆ ಅದರ 2.7 ಪಟ್ಟು. ರಿಸರ್ವೇಶನ್ ಬೋಗಿಗೆ ಹತ್ತುವಂತಿಲ್ಲ, ಸೂಪರ್‌ಫಾಸ್ಟ್‌ಗೆ ಬೇರೆ ಶುಲ್ಕ. ಯಶವಂತಪುರದಲ್ಲಿ ಇಳಿದು ಮೆಟ್ರೊ ಹಿಡಿದರೆ, ಒಂದು ಸಲಕ್ಕೆ 40 ರೂಪಾಯಿ ಟಿಕೆಟ್ ಎಂದುಕೊಂಡರೂ ಹೋಗಿಬರಲು 22 ದಿನಕ್ಕೆ 1,760. ಸ್ಟೇಷನ್ನಿನ ಪಾರ್ಕಿಂಗ್, ರೈಲು ತಪ್ಪಿದ ದಿನಗಳ ಬಸ್ ಚಾರ್ಜು ಸೇರಿಸಿ 3 ಸಾವಿರ ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ವೇಗದೂತ ಬಸ್ಸುಗಳು ಉಚಿತ. ರಾಜಹಂಸ, ಐರಾವತ ಅಲ್ಲ.

ಮನೆಯಿಂದ ಆಫೀಸಿಗೆ ಹೋಗಿಬರಲು ದಿನಕ್ಕೆ ಐದು ಗಂಟೆ. ಬೆಂಗಳೂರಿನಲ್ಲೇ ಇದ್ದರೂ ಎರಡು ಗಂಟೆ ಟ್ರಾಫಿಕ್ಕಿಗೆ ಹೋಗುತ್ತದೆ. ವ್ಯತ್ಯಾಸ ತಿಂಗಳಿಗೆ 66 ಗಂಟೆ. ತುಮಕೂರಿನಲ್ಲಿ ಸ್ವಂತ ಮನೆಯಿದ್ದರೆ 19 ಸಾವಿರದಲ್ಲಿ ಓಡಾಟದ 3 ಸಾವಿರ ಕಳೆದು ಉಳಿತಾಯ 16 ಸಾವಿರ, ಗಂಟೆಗೆ 242 ರೂಪಾಯಿ. ನಿಮ್ಮ ಕೆಲಸ ಕೊಡುವುದು 34 ಸಾವಿರಕ್ಕೆ 176 ಗಂಟೆಯ ಲೆಕ್ಕದಲ್ಲಿ 193. ಅಂದಮೇಲೆ ಸ್ವಂತ ಮನೆಯವರು ಓಡಾಡಲಿ. ತುಮಕೂರಿನಲ್ಲೂ 8 ಸಾವಿರ ಬಾಡಿಗೆ ಕಟ್ಟುತ್ತಿದ್ದರೆ ಗಂಟೆಗೆ ಉಳಿಯುವುದು ಬರೀ 121. ಅಷ್ಟಕ್ಕೆ ನಿದ್ದೆಗೆಡುವುದು ಬೇಡ, ಮನೆ ಮಾಡಿ. ಆಫೀಸು ಪೀಣ್ಯ, ಮಲ್ಲೇಶ್ವರ, ರಾಜಾಜಿನಗರದ ಕಡೆ ಇದ್ದರೆ ಮಾತ್ರ ಈ ಲೆಕ್ಕ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗೆ ತುಮಕೂರಿನಿಂದ ದಿನಾ ಓಡಾಟ ಆಗದ ಮಾತು. ಏನೇ ಆಗಲಿ, ಅಡ್ವಾನ್ಸ್ ಕೊಡುವ ಮೊದಲು ಒಂದು ತಿಂಗಳು ಪಾಸು ತೆಗೆದು ಓಡಾಡಿ ನೋಡಿ.

ಮನೆ ಮಾಡಿದವರು ಜೂನ್‌ನ ಶಾಲೆ ಫೀಸು, ಹಬ್ಬ, ಮದುವೆ ಮುಯ್ಯಿ, ಗಾಡಿ ಇನ್ಶೂರೆನ್ಸ್ ಕೂಡಿಸಿ ಹನ್ನೆರಡರಿಂದ ಭಾಗಿಸಿ, ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ತುಮಕೂರಿನ ರೇಷನ್ ಕಾರ್ಡಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ. ರಾಗಿಯನ್ನು ಸುಗ್ಗಿಯಲ್ಲಿ ಊರಿನಿಂದಲೇ ತನ್ನಿ. ಮೂವರಿಗೆ ಒಂದು ಹೊತ್ತು ಮುದ್ದೆಗೆ ದಿನಕ್ಕೆ 350 ಗ್ರಾಂ ಹಿಟ್ಟು ಬೇಕು, ತಿಂಗಳಿಗೆ ಹತ್ತು ಕಿಲೊ. ಕಾಳು ವರ್ಷಗಟ್ಟಲೆ ಕೆಡದು, ಹಿಟ್ಟು ಮುಗ್ಗಲು ಹಿಡಿಯುತ್ತದೆ. ಐದೈದು ಕಿಲೊ ಬೀಸಿಸಿ. ಹುಣಸೆ ಹೊಸದು ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ವರ್ಷಕ್ಕೆ ಆರು ಕಿಲೊ ಸಾಕು. ಬೀಜ, ನಾರು ತೆಗೆದು, ಎರಡು ದಿನ ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿ ಗಟ್ಟಿಯಾಗಿ ಒತ್ತಿಡಿ. ತೇವದ ಕೈ ತಾಗದಿದ್ದರೆ ಮುಂದಿನ ಹುಣಸೆ ಬರುವವರೆಗೂ ಕೆಡುವುದಿಲ್ಲ.