ಇನ್ನೊಂದು ಸಲ ತೋರಿಸಿ

ಕಳೆದ ಶನಿವಾರ ಮಗನ ಯುಕೆಜಿ ತರಗತಿಯಲ್ಲಿ, ಮೊಣಕಾಲು ಎದೆಗೆ ತಾಗುವಷ್ಟು ಗಿಡ್ಡದಾದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಟೀಚರ್ ನನ್ನ ಕಡೆಗೆ ಸರಿಸಿದ ವರ್ಕ್‌ಶೀಟನ್ನು ನೋಡಿದೆ. ಕೆಂಪು ವೃತ್ತ, ನೀಲಿ ವೃತ್ತ, ನೀಲಿ ವೃತ್ತ, ಕೆಂಪು ವೃತ್ತ, ಐದನೆಯದು ಖಾಲಿ. ಉಳಿದ ಮಕ್ಕಳೆಲ್ಲ ಅದಕ್ಕೆ ನೀಲಿ ಬಳಿದಿದ್ದರಂತೆ, ನನ್ನ ಮಗ ಹಾಗೆಯೇ ಬಿಟ್ಟಿದ್ದ. "ಮುಂದೆ ಯಾವ ಬಣ್ಣ ಬರ್ತದೆ ಅಂತ ಕೇಳಿದ್ರೆ, ಇನ್ನೊಂದು ಸಲ ತೋರಿಸಿ, ಮತ್ತೆ ಹೇಳ್ತೇನೆ ಅಂತಾನೆ. ಎದುರುತ್ತರ ಸ್ವಲ್ಪ ಜಾಸ್ತಿಯಾಗಿದೆ. ಮನೆಯಲ್ಲಿ ಪ್ಯಾಟರ್ನ್ ಪ್ರಾಕ್ಟೀಸ್ ಮಾಡಿಸಿ" ಎಂದರು ಟೀಚರ್. ನಾನು ತಲೆಯಾಡಿಸಿದೆ. ಅಷ್ಟು ಸಾಲದೆಂಬಂತೆ, ಪಕ್ಕದಲ್ಲಿ ನಿಂತಿದ್ದ ಅವನತ್ತ ತಿರುಗಿ "ನೀಲಿ ಅಲ್ವಾ ಮಗಾ, ಇಷ್ಟು ಸುಲಭದ್ದು!" ಎಂದೂ ಹೇಳಿದೆ. ಅವನು ನನ್ನನ್ನೇ ನೋಡಿದ, ಏನೂ ಹೇಳಲಿಲ್ಲ.

ಆ ಟೀಚರನ್ನು ದೂರುವ ಉದ್ದೇಶ ನನಗಿಲ್ಲ. ಸಣ್ಣ ವಯಸ್ಸಿನ ಹುಡುಗಿ, ಎದುರಿಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು, ಬಾಗಿಲಲ್ಲಿ ನಮ್ಮಂಥ ಪೋಷಕರ ಸಾಲು. ವರ್ಕ್‌ಶೀಟ್ ಕೂಡ ಆಕೆ ಬರೆದದ್ದಲ್ಲ, ಎಲ್ಲಿಂದಲೋ ಮುದ್ರಿತವಾಗಿ ಬಂದದ್ದು. ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ, ಅದೂ ಮರುದಿನ.

ಭಾನುವಾರ ಕಟಪಾಡಿಯಲ್ಲಿ ಬಸ್ ಬದಲಿಸಿ ಶಂಕರಪುರಕ್ಕೆ, ಗಂಡನ ಮನೆಗೆ ಹೋದೆವು. ಅತ್ತೆ ಚಾವಡಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದರು. ಆ ಊರಿನಲ್ಲಿ ಮಲ್ಲಿಗೆಯ ಲೆಕ್ಕವೇ ಬೇರೆ: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯಾಗಿ ಬಂದ ಹೊಸತರಲ್ಲಿ ಅಟ್ಟೆಯ ದರದ ಮಾತು ಬಂದಾಗಲೆಲ್ಲ ನನಗೆ ಅತ್ತೆಯ ದರವೆಂದು ಕೇಳಿಸಿ ನಗು ತಡೆಯಲಾಗುತ್ತಿರಲಿಲ್ಲ. ಮಾರಾಟಕ್ಕೆ ಹೋಗುವ ಚೆಂಡಿನಲ್ಲಿ ಮಲ್ಲಿಗೆಯ ಹೊರತು ಬೇರೇನೂ ಇರುವುದಿಲ್ಲ. ಆದರೆ ಮನೆದೇವರ ಮಾಲೆಗೆ ಅತ್ತೆ ನಡುನಡುವೆ ಅಬ್ಬಲಿಗೆ (ಕನಕಾಂಬರ) ಸೇರಿಸುತ್ತಾರೆ, ಆ ಸೇರಿಸುವ ಕ್ರಮ ಪ್ರತಿ ಸಲವೂ ಬೇರೆ. ಮಗನ ಕೆಲಸ ಹೂ ಕೊಡುವುದು. ಒದ್ದೆ ಬಾಳೆನಾರಿನ ಮೇಲೆ ಒಂದು ಅಬ್ಬಲಿಗೆ, ಎರಡು ಮಲ್ಲಿಗೆ, ಮತ್ತೆ ಒಂದು ಅಬ್ಬಲಿಗೆ ಬಂತು. ಹತ್ತಿರ ಕುಳಿತಿದ್ದ ನಾನು ಮುಂದಿನದಕ್ಕೆ ಮಲ್ಲಿಗೆ ಎತ್ತಿಕೊಟ್ಟೆ. ಅತ್ತೆ ಅದನ್ನು ಬದಿಗಿಟ್ಟು ತಾವೇ ಇನ್ನೊಂದು ಅಬ್ಬಲಿಗೆ ತೆಗೆದುಕೊಂಡರು. ಅವರ ಆ ದಿನದ ಮಾಲೆ ನಾಲ್ಕು ಹೂವಿನ ತುಂಡುಗಳದ್ದು. ಎರಡು ತುಂಡುಗಳು ಕೂಡುವಲ್ಲಿ ಅಬ್ಬಲಿಗೆಗಳು ಜೋಡಿಯಾಗುತ್ತಿದ್ದವು. ಮಗ ಅಷ್ಟು ಹೊತ್ತೂ ಕೈಕಟ್ಟಿ ನೋಡುತ್ತಿದ್ದವನು, ಎರಡನೆಯ ತುಂಡು ಮುಗಿದ ಮೇಲೆ ಒಂದೊಂದಾಗಿ ಕೊಡಲಾರಂಭಿಸಿದ, ಒಂದೂ ತಪ್ಪಲಿಲ್ಲ. "ಎರಡು ಸಲ ನೋಡದೆ ಕೈ ಹಾಕಬೇಡ ಅಂತ ಹೇಳಿದ್ದೇನೆ ಅವನಿಗೆ. ಮೊದಲೆಲ್ಲ ತಪ್ಪು ಕೊಟ್ಟು ನನ್ನ ನಾರು ಬಿಚ್ಚಿಸುತ್ತಿದ್ದ" ಎಂದು ಅತ್ತೆ ತುಳುವಿನಲ್ಲಿ, ನಾರಿನಿಂದ ಕಣ್ಣೆತ್ತದೆ ಹೇಳಿದರು.

ಕೆಂಪು, ನೀಲಿ, ನೀಲಿ, ಕೆಂಪು. ಅಬ್ಬಲಿಗೆ, ಮಲ್ಲಿಗೆ, ಮಲ್ಲಿಗೆ, ಅಬ್ಬಲಿಗೆ. ಸಣ್ಣ ಕುರ್ಚಿಯ ಮೇಲೆ ನಾನು ಸುಲಭವೆಂದದ್ದು ಇದನ್ನೇ ಆಗಿತ್ತು.

ಸಂಕಟದ ಸಂಗತಿಯೆಂದರೆ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ವೃತ್ತದ ಮೇಲೆ ಬಿಂದುಗಳನ್ನಿಟ್ಟು, ಒಳಗೆ ಮೂರು ಗೆರೆಗಳು ಒಂದೇ ಕಡೆ ಕೂಡದಂತೆ ಅವನ್ನೆಲ್ಲ ಪರಸ್ಪರ ಜೋಡಿಸಿದರೆ ವೃತ್ತ ಎಷ್ಟು ಭಾಗಗಳಾಗುತ್ತದೆಂದು ಪ್ರತಿ ವರ್ಷ ಹತ್ತನೆಯ ತರಗತಿಯವರಿಂದ ಎಣಿಕೆ ಮಾಡಿಸುತ್ತೇನೆ. ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ ಎಷ್ಟೆಂದು ಕೇಳಿದ ಕೂಡಲೇ ಇಡೀ ತರಗತಿ 32 ಎಂದು ಕೂಗುತ್ತದೆ. ಎಣಿಸಿದರೆ ಸಿಗುವುದು 31. ಆಗ ನಾನು ಗೆದ್ದವಳ ಹಾಗೆ ನಗುತ್ತಾ, ಕಂಡಷ್ಟರಿಂದ ನಿಯಮವನ್ನು ಊಹಿಸಬಹುದೇ ಹೊರತು ಅದೇ ಸರಿಯೆಂದು ಸಾಧಿಸಿದಂತಾಗುವುದಿಲ್ಲ ಎಂದು ಭಾಷಣ ಮಾಡುತ್ತೇನೆ. ಹದಿನೈದು ವರ್ಷದವರು ಕೇಳದಿದ್ದ ಪ್ರಶ್ನೆಯನ್ನು ಐದು ವರ್ಷದವನು ಕೇಳಿದಾಗ ಮಾತ್ರ ನನಗೆ ಅದು ಕೇಳಿಸಲೇ ಇಲ್ಲ, ಎದುರುತ್ತರವೆಂದು ಒಪ್ಪಿಕೊಂಡು ಬಂದೆ.

ಚಿಕ್ಕ ಮಕ್ಕಳಿಗೆ ಮಾದರಿಗಳ ಆಟ ಆಡಿಸುವುದು ಬಣ್ಣ ಬಳಿಯುವ ಅಭ್ಯಾಸಕ್ಕಾಗಿ ಅಲ್ಲ. ಎದುರಿಗಿರುವುದನ್ನು ನೋಡಿ ಹಾಗೆಯೇ ಜೋಡಿಸುವುದು ಮೊದಲ ಮೆಟ್ಟಿಲು, ಮುಂದುವರಿಸುವುದು ಎರಡನೆಯದು. ಆದರೆ ನಿಜವಾದ ಕಲಿಕೆ ಇರುವುದು ಮರಳಿ ಮರಳಿ ಬರುತ್ತಿರುವ ತುಂಡು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಗುರುತಿಸುವುದರಲ್ಲಿ. ಕೆಂಪು-ನೀಲಿ, ಕೆಂಪು-ನೀಲಿ ಎಂಬಲ್ಲಿ ಹಿಂದಿನದರ ಬದಲು ಇನ್ನೊಂದನ್ನು ಇಡುತ್ತಾ ಹೋದರೂ ಉತ್ತರ ಸರಿಯಾಗಿಬಿಡುತ್ತದೆ, ತುಂಡು ಯಾವುದೆಂದು ಮಗುವಿಗೆ ತಿಳಿದಿರಬೇಕೆಂದೇನೂ ಇಲ್ಲ. ತುಂಡು ತಿಳಿದ ಮಗು ಅದನ್ನು ಬಣ್ಣದಿಂದ ಕಿತ್ತು ಬೇರೆಯದಕ್ಕೆ ಹಚ್ಚಬಲ್ಲದು. ಹಿಂದಿರುಗುವಾಗ ಬಸ್ಸಿನಲ್ಲಿ ಮಗನನ್ನು, ಅಜ್ಜಿಯ ಮಾಲೆಯನ್ನು ಕೈಯಲ್ಲಿ ಬಾರಿಸಿ ತೋರಿಸು ಎಂದೆ. ಅವನು ಒಂದು ಚಪ್ಪಾಳೆ ತಟ್ಟಿ, ಎರಡು ಸಲ ತೊಡೆಗೆ ಹೊಡೆದು, ಮತ್ತೊಂದು ಚಪ್ಪಾಳೆ ತಟ್ಟಿ, ಸ್ವಲ್ಪ ತಡೆದು ಪುನಃ ಮೊದಲಿನಿಂದ ಬಾರಿಸಿದ. ಆ ತಡೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಂಡಕ್ಟರ್ ಚಿಲ್ಲರೆ ಕೊಡುತ್ತಾ "ಚೆಂಡೆಗೆ ಸೇರಿಸಿ ಇವನನ್ನು" ಎಂದ.

ಮುದ್ರಿಸಿದವರು ಇನ್ನೆರಡು ವೃತ್ತಗಳನ್ನು ಹಾಕಿ, ಕೆಂಪು-ನೀಲಿ-ನೀಲಿ ಪೂರ್ತಿ ಎರಡು ಸಲ ಕಾಣುವಂತೆ ಮಾಡಿದ್ದರೆ ನನ್ನ ಮಗನೂ ಬಣ್ಣ ಬಳಿಯುತ್ತಿದ್ದನೋ ಏನೋ. ಆಗ ನಾನು ಇದನ್ನೆಲ್ಲ ಯೋಚಿಸುತ್ತಲೂ ಇರಲಿಲ್ಲ, ಹಾಳೆಯ ಮೂಲೆಯ ನಕ್ಷತ್ರ ನೋಡಿ ಖುಷಿಪಟ್ಟು ಮನೆಗೆ ಬರುತ್ತಿದ್ದೆ. ನಮ್ಮ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ರಾತ್ರಿಯೇ ಒಬ್ಬರು ಇಂಥದ್ದೇ ಐವತ್ತು ಹಾಳೆಗಳ ಪಿಡಿಎಫ್ ಹಾಕಿದ್ದಾರೆ, ಕೆಳಗೆ ಕೈಮುಗಿದ ಚಿತ್ರಗಳ ಸಾಲೇ ಸಾಲು. ತೆರೆದು ನೋಡಿದೆ, ಸುಮಾರು ಹಾಳೆಗಳಲ್ಲಿ ತುಂಡು ಒಂದು ಸಲ ಬಂದು ಎರಡನೆಯ ಸಲದ ನಡುವೆಯೇ ಖಾಲಿ ಜಾಗ ಶುರುವಾಗುತ್ತದೆ. ಗುಂಪಿನಲ್ಲಿ ಏನೂ ಬರೆಯಲಿಲ್ಲ, ಗಣಿತದ ಮೇಡಂ ಶುರುಮಾಡಿದರು ಎಂದಾರು.

ಟೀಚರಿಗೆ ಹೇಳಬೇಕೆಂದು ಸೋಮವಾರ ಗೇಟಿನ ತನಕ ಹೋದವಳು, ಅವರು ಅಳುತ್ತಿದ್ದ ಒಂದು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಇನ್ನೊಂದರ ಶೂ ಲೇಸ್ ಕಟ್ಟುತ್ತಿದ್ದದ್ದನ್ನು ಕಂಡು ಮರಳಿದೆ. ಮಗನ ಕ್ಷಮೆ ಕೇಳುವುದು ಅದಕ್ಕಿಂತ ಸುಲಭವಿರಬೇಕಿತ್ತು, ಅದೂ ಬುಧವಾರದವರೆಗೆ ಆಗಲಿಲ್ಲ. ಬುಧವಾರ ಸಂಜೆ ಅವನ ಚೀಲ ಖಾಲಿ ಮಾಡುವಾಗ ಆ ಹಾಳೆ ಮಡಿಕೆ ಬಿದ್ದು ತಳದಲ್ಲಿತ್ತು. ಅಂದು ನೀಲಿ ಎಂದದ್ದು ನನ್ನದೇ ಅವಸರ ಎಂದು ಹೇಳಿ, ಐದನೆಯ ವೃತ್ತದ ಮೇಲೆ ಬೆರಳಿಟ್ಟು, ಇದನ್ನು ಏನು ಮಾಡುವುದೆಂದು ಕೇಳಿದೆ. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ ಹೇಳಿದ: "ಹಾಗೇ ಇರ್ಲಿ ಅಮ್ಮ. ಟೀಚರ್ ಇನ್ನೂ ತೋರಿಸ್ಲಿಲ್ಲ."